ನಿರಾಶ್ರಿತರ ಶಿಬಿರದಿಂದ ವಿಶ್ವಕಪ್ ಮೈದಾನಕ್ಕೆ: ಅಲ್ಫಾನ್ಸೊ ಡೇವಿಸ್ ಕಲಿಸುವ ಪಾಠ

ಯುವಜನರ ಅಧ್ಯಯನ ಪುಟ
ಮೊದಲು ಓದಿರಿ: ಧರ್ಮೋಪದೇಶಕಾಂಡ 10:17-19, ಮತ್ತಾಯ 2:13-23, ಮತ್ತಾಯ 25:31-46



ಈ ತಿಂಗಳ ಅಧ್ಯಯನಕ್ಕೆ ಒಬ್ಬ ಫುಟ್ಬಾಲ್ ಆಟಗಾರರ ಜೀವನವನ್ನು ತೆಗೆದುಕೊಳ್ಳೋಣ. ಹೆಸರು ಅಲ್ಫಾನ್ಸೊ ಡೇವಿಸ್. ಜರ್ಮನಿಯ ಬಯರ್ನ್ ಮ್ಯೂನಿಕ್ ಕ್ಲಬ್ಬಿಗೆ ಎಡಬದಿಯ ರಕ್ಷಣಾ ಆಟಗಾರರಾಗಿ ಹೆಸರು ಮಾಡಿದವರು, ಕೆನಡಾ ರಾಷ್ಟ್ರೀಯ ತಂಡವನ್ನು ನಾಯಕರಾಗಿ ಮುನ್ನಡೆಸಿದವರು. ಅವರ ಓಟದ ತುಣುಕುಗಳನ್ನು ನಿಮ್ಮಲ್ಲಿ ಹಲವರು ಮೊಬೈಲಿನಲ್ಲಿ ನೋಡಿರುತ್ತೀರಿ. ಆದರೆ ಅವರು ಹುಟ್ಟಿದ್ದು ನಿರಾಶ್ರಿತರ ಶಿಬಿರದಲ್ಲಿ ಎಂಬುದು ಎಷ್ಟು ಮಂದಿಗೆ ಗೊತ್ತು?

ಇಂಥ ಜೀವನಗಳನ್ನು ಹೇಳುವಾಗ ನಾವು ಸಾಮಾನ್ಯವಾಗಿ "ಕಷ್ಟಪಟ್ಟರೆ ಏನನ್ನು ಬೇಕಾದರೂ ಸಾಧಿಸಬಹುದು" ಎಂದು ಮುಗಿಸಿಬಿಡುತ್ತೇವೆ. ಅದು ಅರ್ಧ ಸತ್ಯ. ಡೇವಿಸ್ ಕಷ್ಟಪಟ್ಟರು, ನಿಜ. ಆದರೆ ಈ ಹುಡುಗ ಮುಂದೆ ಏನಾಗುತ್ತಾನೆ ಎಂದು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಕೆಲವರು ಅವನಿಗೆ ಬಾಗಿಲು ತೆರೆದರು. ಆ ಇನ್ನರ್ಧ ಸತ್ಯವೇ ಈ ಪಾಠದ ವಿಷಯ.

1. ನಿರಾಶ್ರಿತರು ಎಂದರೆ ಯಾರು?

ಕೆಲಸಕ್ಕಾಗಿ ಬೇರೆ ಊರಿಗೆ ಹೋಗುವವರು ವಲಸಿಗರು. ಬೇಕಾದಾಗ ಅವರು ಮನೆಗೆ ಮರಳಬಹುದು. ನಿರಾಶ್ರಿತರ ಸ್ಥಿತಿ ಬೇರೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಹಿಂಸೆಗೆ ಗುರಿಯಾಗುವ ನ್ಯಾಯವಾದ ಭಯದಿಂದ ದೇಶ ಬಿಟ್ಟು, ಹಿಂದಿರುಗಲಾರದೆ ಇರುವವರನ್ನು ನಿರಾಶ್ರಿತರೆಂದು 1951ರ ಅಂತರರಾಷ್ಟ್ರೀಯ ಒಪ್ಪಂದ ಕರೆಯುತ್ತದೆ. ಯುದ್ಧದಿಂದ ಓಡಿಬಂದವರನ್ನೂ ಆಫ್ರಿಕಾದ ದೇಶಗಳು ತಮ್ಮದೇ ಒಪ್ಪಂದದಡಿ ಹೀಗೆಯೇ ಪರಿಗಣಿಸುತ್ತವೆ. ಭಾರತವು 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೂ ಟಿಬೆಟಿಯನ್ನರಿಗೆ, ಶ್ರೀಲಂಕಾದ ತಮಿಳರಿಗೆ ನಮ್ಮ ದೇಶ ಆಶ್ರಯ ಕೊಟ್ಟಿದೆ.

ಇದು ನಮಗೆ ದೂರದ ಸಂಗತಿಯಲ್ಲ. 1983ರ ನಂತರ ಶ್ರೀಲಂಕಾದಿಂದ ಬಂದವರಿಗಾಗಿ ತಮಿಳುನಾಡಿನಲ್ಲಿ ನೂರಕ್ಕೂ ಹೆಚ್ಚು ಶಿಬಿರಗಳಾದವು. ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲೂ ಅವು ಇವೆ. 2021ರಲ್ಲಿ ರಾಜ್ಯ ಸರ್ಕಾರ "ನಿರಾಶ್ರಿತರ ಶಿಬಿರ" ಎಂಬ ಹೆಸರನ್ನು ತೆಗೆದು "ಶ್ರೀಲಂಕಾ ತಮಿಳರ ಪುನರ್ವಸತಿ ಶಿಬಿರ" ಎಂದು ಬದಲಿಸಿತು. ಅಲ್ಲಿ ಹುಟ್ಟಿ ಬೆಳೆದ ಮಕ್ಕಳು ಈಗ ನಮ್ಮ ವಯಸ್ಸಿನವರು.

2. ಬುದುಬುರಾಮ್: ಬಂದೂಕು ಬೇಡವೆಂದವರ ಮಗ

ಪಶ್ಚಿಮ ಆಫ್ರಿಕಾದ ಲೈಬೀರಿಯಾ ದೇಶದಲ್ಲಿ 1989ರಿಂದ 1997ರವರೆಗೆ ಮೊದಲ ಅಂತರ್ಯುದ್ಧ ನಡೆಯಿತು. 1999ರಲ್ಲಿ ಮತ್ತೆ ಯುದ್ಧ ಶುರುವಾಗಿ 2003ರವರೆಗೆ ಮುಂದುವರಿಯಿತು. ಎರಡರಲ್ಲೂ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಅಂದಾಜು. ಚಿಕ್ಕ ಮಕ್ಕಳ ಕೈಗೂ ಬಂದೂಕು ಕೊಟ್ಟ ಯುದ್ಧ ಅದು.

ಡೇವಿಸ್ ಅವರ ತಂದೆ ದೆಬೆಯಾ ಮತ್ತು ತಾಯಿ ವಿಕ್ಟೋರಿಯಾ ರಾಜಧಾನಿ ಮನ್ರೋವಿಯಾದವರು. ಅಲ್ಲಿ ಬದುಕಿ ಉಳಿಯಬೇಕಾದರೆ ಬಂದೂಕು ಹಿಡಿಯಬೇಕಿತ್ತು, ಅದು ತಮಗೆ ಬೇಡವಾಗಿತ್ತು ಎಂದು ತಂದೆ ಮುಂದೆ ಹೇಳಿದ್ದಾರೆ. ಅವರು ಊರು ಬಿಟ್ಟು ಘಾನಾ ದೇಶ ಸೇರಿದರು. ಘಾನಾದ ರಾಜಧಾನಿ ಅಕ್ರಾ ನಗರದ ಪಶ್ಚಿಮಕ್ಕೆ ಬುದುಬುರಾಮ್ ಎಂಬ ಶಿಬಿರವಿತ್ತು. ಲೈಬೀರಿಯನ್ನರಿಗಾಗಿ 1990ರಲ್ಲಿ ತೆರೆದ ಈ ಶಿಬಿರದಲ್ಲಿ ಒಂದು ಕಾಲಕ್ಕೆ ಸುಮಾರು 40,000 ಮಂದಿ ಇದ್ದರು. ನೀರಿಗೂ ಕಷ್ಟ, ಊಟಕ್ಕೂ ಕಷ್ಟ. 2000ನೇ ಇಸವಿಯ ನವೆಂಬರ್ 2ರಂದು ಅಲ್ಲಿ ಅಲ್ಫಾನ್ಸೊ ಹುಟ್ಟಿದ. ನಮ್ಮ ಧರ್ಮಸಭೆ ಸಕಲ ಮೃತರನ್ನು ಸ್ಮರಿಸುವ ದಿನವೂ ಅದೇ ನವೆಂಬರ್ 2. ಅಷ್ಟು ಸಾವುಗಳಿಂದ ಓಡಿಬಂದ ದಂಪತಿಗೆ ಆ ದಿನ ಒಂದು ಮಗು ಹುಟ್ಟಿತು.

ಶಿಬಿರದಿಂದ ಹೊರಬರುವ ದಾರಿ ಬಹಳ ಇಕ್ಕಟ್ಟು. ಮೂರನೆಯ ದೇಶವೊಂದು ಕರೆದು ನೆಲೆ ಕೊಡುವುದನ್ನು ಪುನರ್ವಸತಿ ಎನ್ನುತ್ತಾರೆ. ಜಗತ್ತಿನ ನಿರಾಶ್ರಿತರಲ್ಲಿ ಯಾವುದೇ ಒಂದು ವರ್ಷ ಈ ಅವಕಾಶ ಸಿಗುವುದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಮಂದಿಗೆ. ಡೇವಿಸ್ ಕುಟುಂಬಕ್ಕೆ ಆ ಅವಕಾಶ ಸಿಕ್ಕಿತು. 2005ರಲ್ಲಿ ಅವರು ಕೆನಡಾಕ್ಕೆ ಬಂದರು. ಮೊದಲು ವಿಂಡ್ಸರ್ ಎಂಬ ಊರು, ಮರುವರ್ಷ ಆಲ್ಬರ್ಟಾ ಪ್ರಾಂತ್ಯದ ಎಡ್ಮಂಟನ್ ನಗರ. ಆಗ ಅಲ್ಫಾನ್ಸೊಗೆ ಐದು ವರ್ಷ.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಕೆನಡಾದ ಅಧಿಕಾರಿ ಆ ಕಾಗದಗಳಿಗೆ ಸಹಿ ಹಾಕುವಾಗ ಐದು ವರ್ಷದ ಹುಡುಗನ ಕಾಲುಗಳನ್ನು ನೋಡಿ ಸಹಿ ಹಾಕಲಿಲ್ಲ. ಒಂದು ಕುಟುಂಬಕ್ಕೆ ಮನೆ ಬೇಕಾಗಿತ್ತು. ಅಷ್ಟೇ ಕಾರಣ ಸಾಕಾಗಿತ್ತು.

3. ಎಡ್ಮಂಟನ್: ಬಸ್ಸು, ಬೂಟು ಮತ್ತು ಒಬ್ಬ ಶಿಕ್ಷಕಿ

ಎಡ್ಮಂಟನ್‌ನಲ್ಲಿ ಚಳಿಗಾಲ ಬಂದರೆ ಉಷ್ಣಾಂಶ ಮೈನಸ್ 20 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಹೊಸ ಊರು, ಹೊಸ ಶಾಲೆ, ಕೈಯಲ್ಲಿ ಹೆಚ್ಚು ಹಣವಿಲ್ಲ. ತಂದೆತಾಯಿ ಕೆಲಸಕ್ಕೆ ಹೋದಾಗ ಚಿಕ್ಕ ತಮ್ಮ ಮತ್ತು ತಂಗಿಯನ್ನು ನೋಡಿಕೊಳ್ಳುವುದು, ಅವರಿಗೆ ಊಟ ಕೊಡುವುದು, ಬಟ್ಟೆ ಬದಲಿಸುವುದು ಅಲ್ಫಾನ್ಸೊನ ಕೆಲಸ. ನಮ್ಮ ಮನೆಗಳಲ್ಲೂ ಹಿರಿಯ ಮಕ್ಕಳಿಗೆ ಈ ಕೆಲಸ ಹೊಸದಲ್ಲ.

ಕೆನಡಾದಲ್ಲಿ ಮಕ್ಕಳು ಕ್ಲಬ್ಬಿನಲ್ಲಿ ಫುಟ್ಬಾಲ್ ಆಡಬೇಕಾದರೆ ನೋಂದಣಿ ಶುಲ್ಕ ಕಟ್ಟಬೇಕು, ಬೂಟು ಕೊಳ್ಳಬೇಕು, ತಂದೆಯೋ ತಾಯಿಯೋ ಕಾರಿನಲ್ಲಿ ಕರೆದೊಯ್ದು ಕರೆತರಬೇಕು. ಬಡ ಕುಟುಂಬಕ್ಕೆ ಈ ಮೂರೂ ಕಷ್ಟ. ಇದನ್ನು ಕಂಡ ಕೆಲವರು ಎಡ್ಮಂಟನ್‌ನಲ್ಲಿ "ಫ್ರೀ ಫೂಟಿ" ಎಂಬ ಕಾರ್ಯಕ್ರಮ ನಡೆಸುತ್ತಿದ್ದರು. ಶುಲ್ಕವಿಲ್ಲ. ಬೂಟು, ಸಾಮಗ್ರಿ ಅವರೇ ಕೊಡುತ್ತಾರೆ. ಶಾಲೆ ಮುಗಿದ ಮೇಲೆ ಮಕ್ಕಳನ್ನು ಮೈದಾನಕ್ಕೆ ಕರೆದೊಯ್ಯಲು ವಾಹನವೂ ಇರುತ್ತದೆ. ಅಲ್ಫಾನ್ಸೊ ಸಂಘಟಿತವಾಗಿ ಫುಟ್ಬಾಲ್ ಆಡಿದ್ದು ಹೀಗೆ.

ಈ ಕಾರ್ಯಕ್ರಮದ ರೀತಿಯನ್ನು ಗಮನಿಸಿರಿ. "ಬಡ ಮಕ್ಕಳೂ ಬರಬಹುದು" ಎಂದು ಬೋರ್ಡು ಹಾಕಿ ಅವರು ಸುಮ್ಮನಿರಲಿಲ್ಲ. ಮಗು ಬರದಂತೆ ತಡೆಯುವುದು ಏನು ಎಂದು ಒಂದೊಂದಾಗಿ ನೋಡಿ, ಆ ತಡೆಗಳನ್ನು ಒಂದೊಂದಾಗಿ ತೆಗೆದರು. ಶುಲ್ಕ ಮನ್ನಾ ಮಾಡಿ ಬಸ್ಸು ಕೊಡದಿದ್ದರೆ ಮಗು ಬರುತ್ತಿರಲಿಲ್ಲ. ಬಸ್ಸು ಕೊಟ್ಟು ಬೂಟು ಕೊಡದಿದ್ದರೆ ಬಂದರೂ ಅಂಚಿನಲ್ಲಿ ನಿಂತಿರುತ್ತಿತ್ತು.

ಆಲ್ಬರ್ಟಾ ಪ್ರಾಂತ್ಯದಲ್ಲಿ ಕಥೋಲಿಕ ಶಾಲೆಗಳು ಸರ್ಕಾರದ ಅನುದಾನದಲ್ಲೇ ನಡೆಯುತ್ತವೆ. ಅಲ್ಫಾನ್ಸೊ ಓದಿದ ಪ್ರಾಥಮಿಕ ಶಾಲೆಗೆ ಮದರ್ ತೆರೇಸಾ ಅವರ ಹೆಸರು. ಅಲ್ಲಿನ ಅವನ ತರಗತಿಯ ಶಿಕ್ಷಕಿ ಅವನ ಓಟವನ್ನೂ ಆಟವನ್ನೂ ಗಮನಿಸಿ, ಫುಟ್ಬಾಲ್ ತರಬೇತಿ ಇದ್ದ ಸಂತ ನಿಕೊಲಾಸ್ ಕಥೋಲಿಕ ಶಾಲೆಯ ತರಬೇತುದಾರರಿಗೆ ಸುದ್ದಿ ಮುಟ್ಟಿಸಿದರು. ಹುಡುಗ ಮುಂದೆ ಆ ಶಾಲೆಗೆ ಸೇರಿದ. ಜೊತೆಗೆ ಸ್ಥಳೀಯ ಕ್ಲಬ್ಬಿನ ತರಬೇತುದಾರರೊಬ್ಬರೂ ಅವನ ಬೆನ್ನಿಗೆ ನಿಂತರು. ಆ ಶಿಕ್ಷಕಿ ಮಾಡಿದ ಕೆಲಸ ದೊಡ್ಡದೇನಲ್ಲ: ತನ್ನ ಮುಂದೆ ಇದ್ದ ಮಗುವನ್ನು ಸರಿಯಾಗಿ ನೋಡಿದರು, ನೋಡಿದ್ದನ್ನು ಇನ್ನೊಬ್ಬರಿಗೆ ಹೇಳಿದರು.

4. ಹದಿನಾಲ್ಕರಿಂದ ಹದಿನೆಂಟು

2015ರಲ್ಲಿ, 14ನೇ ವಯಸ್ಸಿನಲ್ಲಿ, ವ್ಯಾಂಕೂವರ್ ವೈಟ್‌ಕ್ಯಾಪ್ಸ್ ಕ್ಲಬ್ಬಿನ ತರಬೇತಿ ಕೇಂದ್ರಕ್ಕೆ ಡೇವಿಸ್ ಆಯ್ಕೆಯಾದರು. ಮನೆ ಬಿಟ್ಟು ಬೇರೆ ಪ್ರಾಂತ್ಯಕ್ಕೆ ಹೋಗಬೇಕು. ಇಷ್ಟು ಚಿಕ್ಕ ವಯಸ್ಸಿನಲ್ಲಿ ಹೋದರೆ ಮಗ ಬದಲಾಗಿಬಿಡುತ್ತಾನೆ ಎಂದು ತಾಯಿಗೆ ಭಯ. ಬದಲಾಗುವುದಿಲ್ಲವೆಂದು ಮಗನ ಭರವಸೆ. ಹಾಸ್ಟೆಲಿಗೆ ಹೊರಟ ಮಕ್ಕಳಿರುವ ಎಲ್ಲ ಮನೆಗಳಲ್ಲೂ ನಡೆಯುವ ಮಾತು ಇದು.

ಮುಂದಿನದು ವೇಗವಾಗಿ ನಡೆಯಿತು. 2016ರ ಜುಲೈನಲ್ಲಿ, 15ನೇ ವಯಸ್ಸಿನಲ್ಲಿ, ಉತ್ತರ ಅಮೆರಿಕದ ಅತ್ಯುನ್ನತ ಲೀಗ್ ಆದ ಮೇಜರ್ ಲೀಗ್ ಸಾಕರ್‌ನಲ್ಲಿ ಮೊದಲ ಪಂದ್ಯ. 2017ರ ಜೂನ್ 6ರಂದು ಕೆನಡಾದ ಪೌರತ್ವ. ಅದಾಗಿ ಒಂದು ವಾರಕ್ಕೆ, ಜೂನ್ 13ರಂದು, ಕ್ಯುರಸಾವೊ ವಿರುದ್ಧ ಕೆನಡಾ ಪರವಾಗಿ ಮೊದಲ ಪಂದ್ಯ. ಆಗ ಅವರ ವಯಸ್ಸು 16 ವರ್ಷ 7 ತಿಂಗಳು. ಕೆನಡಾ ಪುರುಷರ ತಂಡದಲ್ಲಿ ಅದುವರೆಗೆ ಅಷ್ಟು ಚಿಕ್ಕವರು ಯಾರೂ ಆಡಿರಲಿಲ್ಲ. ಮರುತಿಂಗಳು ಗೋಲ್ಡ್ ಕಪ್ ಪಂದ್ಯಾವಳಿಯಲ್ಲಿ ಮೂರು ಗೋಲು ಹೊಡೆದು ಅತಿ ಹೆಚ್ಚು ಗೋಲು ಗಳಿಸಿದವರ ಸಾಲಿನಲ್ಲಿ ನಿಂತರು.

2018ರ ಜೂನ್ 13ರಂದು ಮಾಸ್ಕೋದಲ್ಲಿ ಫಿಫಾ ಮಹಾಸಭೆ ಸೇರಿತ್ತು. 2026ರ ವಿಶ್ವಕಪ್ ಆತಿಥ್ಯವನ್ನು ಕೆನಡಾ, ಅಮೆರಿಕ ಮತ್ತು ಮೆಕ್ಸಿಕೊ ದೇಶಗಳಿಗೆ ಕೊಡಿ ಎಂದು ಕೇಳಲು ವೇದಿಕೆ ಏರಿದವರಲ್ಲಿ 17 ವರ್ಷದ ಡೇವಿಸ್ ಒಬ್ಬರು. ತಾನು ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದವನು, ಕೆನಡಾ ತನ್ನನ್ನು ಸ್ವಾಗತಿಸಿತು, ತಂಡದ ಹುಡುಗರು ತನಗೆ ಇದು ನಿನ್ನ ಮನೆ ಎಂಬ ಭಾವನೆ ಕೊಟ್ಟರು ಎಂದು ಅವರು ಹೇಳಿದರು. ಆ ದಿನದ ಮತದಾನದಲ್ಲಿ ಮೂರು ದೇಶಗಳ ಕೋರಿಕೆ ಗೆದ್ದಿತು. ಅವರು ಮೊದಲು ನೆನೆದದ್ದು ಸ್ವಾಗತವನ್ನು ಮತ್ತು ಜೊತೆಯ ಹುಡುಗರನ್ನು ಎಂಬುದು ನಮ್ಮ ಗಮನದಲ್ಲಿರಲಿ.

5. ತನ್ನದಲ್ಲದ ಜಾಗದಲ್ಲಿ

2018ರ ಜುಲೈನಲ್ಲಿ ಬಯರ್ನ್ ಮ್ಯೂನಿಕ್ ಅವರನ್ನು ಕೊಂಡುಕೊಂಡಿತು. ಎಲ್ಲ ಷರತ್ತುಗಳೂ ಸೇರಿ ಮೊತ್ತ 2.2 ಕೋಟಿ ಡಾಲರ್ ತಲುಪಬಹುದೆಂದು ಪತ್ರಿಕೆಗಳು ಬರೆದವು. ಆ ಲೀಗಿನಿಂದ ಹೊರಹೋದ ಆಟಗಾರರಲ್ಲಿ ಅಂದಿಗೆ ಅದು ದಾಖಲೆ. ಹದಿನೆಂಟು ತುಂಬಿದ ಮೇಲೆ, 2019ರ ಜನವರಿಯಲ್ಲಿ, ಅವರು ಜರ್ಮನಿಗೆ ಹೋದರು.

ಅಲ್ಲಿ ಅವರಿಗೆ ಬೇರೆಯೇ ಪರೀಕ್ಷೆ ಕಾದಿತ್ತು. ಡೇವಿಸ್ ಮುಂಚೂಣಿಯಲ್ಲಿ, ರೆಕ್ಕೆಯ ಜಾಗದಲ್ಲಿ ಆಡಿ ಬೆಳೆದವರು. ಆದರೆ 2019ರ ಶರತ್ಕಾಲದಲ್ಲಿ ಬಯರ್ನ್‌ನ ರಕ್ಷಣಾ ಆಟಗಾರರು ಒಬ್ಬರ ಹಿಂದೆ ಒಬ್ಬರು ಗಾಯಗೊಂಡರು. ಖಾಲಿ ಇದ್ದದ್ದು ಹಿಂದಿನ ಸಾಲಿನ ಎಡಬದಿ. ಅಲ್ಲಿ ಆಡು ಎಂದರು. ಅವರು ಒಪ್ಪಿ, ಹೊಸ ಕೆಲಸ ಕಲಿತರು. ಅದೇ ಜಾಗದಲ್ಲಿ ಅವರು ಜಗತ್ತಿಗೆ ಪರಿಚಿತರಾದರು. 2020ರ ಆಗಸ್ಟ್‌ನಲ್ಲಿ ಬಾರ್ಸಿಲೋನಾ ತಂಡವನ್ನು ಬಯರ್ನ್ 8-2ರಿಂದ ಸೋಲಿಸಿದ ಪಂದ್ಯದಲ್ಲಿ ಎಡಬದಿಯಿಂದ ನುಗ್ಗಿ ಯೋಶುವಾ ಕಿಮಿಚ್‌ಗೆ ಅವರು ಮಾಡಿಕೊಟ್ಟ ಗೋಲನ್ನು ಜನ ಇಂದಿಗೂ ನೋಡುತ್ತಾರೆ. ಅದೇ ತಿಂಗಳ 23ರಂದು ಲಿಸ್ಬನ್‌ನಲ್ಲಿ ಪ್ಯಾರಿಸ್ ತಂಡವನ್ನು 1-0ರಿಂದ ಸೋಲಿಸಿ ಬಯರ್ನ್ ಚಾಂಪಿಯನ್ಸ್ ಲೀಗ್ ಗೆದ್ದಿತು.

ಆ ವರ್ಷ ಒಂದು ಪಂದ್ಯದಲ್ಲಿ ಅವರ ಗರಿಷ್ಠ ವೇಗ ಗಂಟೆಗೆ 36.51 ಕಿಲೋಮೀಟರ್ ಎಂದು ದಾಖಲಾಯಿತು. ಲೆಕ್ಕ ಹಾಕಿ ನೋಡಿ: 36.51ನ್ನು 3.6ರಿಂದ ಭಾಗಿಸಿದರೆ ಸೆಕೆಂಡಿಗೆ 10 ಮೀಟರಿಗೂ ಸ್ವಲ್ಪ ಹೆಚ್ಚು. ನೂರು ಮೀಟರ್ ಪೂರ್ತಿ ಅದೇ ವೇಗದಲ್ಲಿ ಓಡಿದರೆ ಹತ್ತು ಸೆಕೆಂಡಿಗಿಂತ ಕಡಿಮೆ ಸಾಕು. ಯಾರೂ ಪೂರ್ತಿ ದೂರ ಅದೇ ವೇಗದಲ್ಲಿ ಓಡಲಾರರು, ಇದು ಕೆಲವು ಹೆಜ್ಜೆಗಳ ವೇಗ ಮಾತ್ರ. ಆದರೂ ಬೂಟು ಕೊಳ್ಳಲು ಹಣವಿಲ್ಲದ್ದರಿಂದ ಈ ಕಾಲುಗಳು ಮನೆಯಲ್ಲೇ ಉಳಿದುಬಿಡುವುದು ಸಾಧ್ಯವಿತ್ತು ಎಂಬುದನ್ನು ನೆನೆಯಿರಿ.

6. ತಪ್ಪಿದ ಪೆನಾಲ್ಟಿ, ಮೊದಲ ಗೋಲು

ಜೀವನ ಮೇಲಕ್ಕೆ ಮಾತ್ರ ಹೋಗುವುದಿಲ್ಲ. 2022ರ ಜನವರಿಯಲ್ಲಿ ಕೋವಿಡ್ ಬಂದು ಹೋದ ಮೇಲೆ ವೈದ್ಯರು ಡೇವಿಸ್ ಅವರಲ್ಲಿ ಹೃದಯದ ಸ್ನಾಯುವಿನ ಉರಿಯೂತ ಕಂಡರು. ಇಂಥ ಸಮಯದಲ್ಲಿ ಕಠಿಣ ವ್ಯಾಯಾಮ ಮಾಡಿದರೆ ಹೃದಯದ ಬಡಿತ ಅಪಾಯಕರವಾಗಿ ಏರುಪೇರಾಗಬಹುದು. ಆದ್ದರಿಂದ ವಿಶ್ರಾಂತಿಯೇ ಔಷಧ. ಅವರು ಹೊರಗಿದ್ದಾಗಲೇ, ಮಾರ್ಚ್ 27ರಂದು, ಕೆನಡಾ ತಂಡ ಜಮೈಕಾವನ್ನು 4-0ರಿಂದ ಸೋಲಿಸಿ 1986ರ ನಂತರ ಮೊದಲ ಬಾರಿಗೆ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ದೂರದಿಂದ ಪಂದ್ಯ ನೋಡುತ್ತಿದ್ದ ಡೇವಿಸ್ ಅತ್ತುಬಿಟ್ಟರು. ತಾನು ಆಡದ ಗೆಲುವಿಗೂ ಆನಂದದಿಂದ ಅಳಬಲ್ಲವರು ತಂಡದ ನಿಜವಾದ ಸದಸ್ಯರು.

ಏಪ್ರಿಲ್‌ನಲ್ಲಿ ಮತ್ತೆ ಮೈದಾನಕ್ಕೆ ಇಳಿದರು. ನವೆಂಬರ್ 23ರಂದು ಕತಾರ್‌ನಲ್ಲಿ ಬೆಲ್ಜಿಯಂ ವಿರುದ್ಧ ವಿಶ್ವಕಪ್ಪಿನ ಮೊದಲ ಪಂದ್ಯ. ಆಟದ ಆರಂಭದಲ್ಲೇ ಕೆನಡಾಕ್ಕೆ ಪೆನಾಲ್ಟಿ ಸಿಕ್ಕಿತು. ಕೆನಡಾ ಪುರುಷರ ತಂಡ ಅದುವರೆಗೆ ವಿಶ್ವಕಪ್ಪಿನಲ್ಲಿ ಒಂದೇ ಒಂದು ಗೋಲು ಹೊಡೆದಿರಲಿಲ್ಲ. ಚೆಂಡಿನ ಮುಂದೆ ನಿಂತವರು ಡೇವಿಸ್. ಒದ್ದರು, ಬೆಲ್ಜಿಯಂ ಗೋಲಿ ಕೋರ್ಟ್ವಾ ತಡೆದರು. ಕೆನಡಾ 0-1ರಿಂದ ಸೋತಿತು.

ನಾಲ್ಕು ದಿನಗಳ ನಂತರ ಕ್ರೊಯೇಶಿಯಾ ವಿರುದ್ಧ ಪಂದ್ಯ. ಆಟ ಶುರುವಾಗಿ 68 ಸೆಕೆಂಡುಗಳಷ್ಟೇ ಆಗಿತ್ತು. ಬಲಬದಿಯಿಂದ ಬಂದ ಚೆಂಡಿಗೆ ಡೇವಿಸ್ ಓಡಿಬಂದು ತಲೆ ಕೊಟ್ಟರು. ಗೋಲು! ಕೆನಡಾದ ಪುರುಷರು ವಿಶ್ವಕಪ್ಪಿನಲ್ಲಿ ಹೊಡೆದ ಮೊಟ್ಟಮೊದಲ ಗೋಲು ಶಿಬಿರದಲ್ಲಿ ಹುಟ್ಟಿದ ಹುಡುಗನದು. ಸಿನಿಮಾ ಆಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಪಂದ್ಯವನ್ನೂ ಕೆನಡಾ 1-4ರಿಂದ ಸೋತು ಪಂದ್ಯಾವಳಿಯಿಂದ ಹೊರಬಿತ್ತು.

ಆ ದಿನ ಮೈದಾನದಲ್ಲಿ ಯುದ್ಧ ಕಂಡ ಇನ್ನಿಬ್ಬರಿದ್ದರು. ಕೆನಡಾದ ಗೋಲಿ ಮಿಲಾನ್ ಬೋರ್ಯಾನ್ ಹುಟ್ಟಿದ್ದು ಈಗಿನ ಕ್ರೊಯೇಶಿಯಾದ ಕ್ನಿನ್ ಎಂಬ ಊರಿನಲ್ಲಿ, ಸರ್ಬ್ ಕುಟುಂಬದಲ್ಲಿ. 1995ರ ಯುದ್ಧದಲ್ಲಿ ಆ ಕುಟುಂಬ ಮನೆ ಬಿಟ್ಟು ಓಡಿತು. ಕ್ರೊಯೇಶಿಯಾದ ನಾಯಕ ಲೂಕಾ ಮೋಡ್ರಿಚ್ ಅವರ ತಾತನನ್ನು 1991ರಲ್ಲಿ ಸರ್ಬ್ ಪಡೆಯವರು ಕೊಂದರು. ಕುಟುಂಬ ವರ್ಷಗಟ್ಟಲೆ ಝಾದರ್ ನಗರದ ಹೋಟೆಲಿನಲ್ಲಿ ನಿರಾಶ್ರಿತರಾಗಿ ಬದುಕಿತು. ಆ ಪಂದ್ಯದಲ್ಲಿ ಕ್ರೊಯೇಶಿಯಾದ ಕೆಲವು ಅಭಿಮಾನಿಗಳು ಬೋರ್ಯಾನ್ ಅವರ ಓಡಿಹೋದ ಬಾಲ್ಯವನ್ನೇ ಹಿಡಿದು ಹೀಯಾಳಿಸಿದರು. ಫಿಫಾ ಕ್ರೊಯೇಶಿಯಾ ಒಕ್ಕೂಟಕ್ಕೆ ದಂಡ ಹಾಕಿತು. ಒಂದೇ ಚೆಂಡಿನ ಹಿಂದೆ ಓಡಿದ ಮೂವರ ಬಾಲ್ಯ ಒಂದೇ ಬಗೆಯದು. ಹೀಯಾಳಿಸಿದವರಿಗೆ ಮಾತ್ರ ಒಬ್ಬನ ನೋವು ಕಂಡಿತು, ಇನ್ನೊಬ್ಬನ ನೋವು ಕಾಣಲಿಲ್ಲ. ನಾವು ನಮ್ಮವರ ಕಣ್ಣೀರನ್ನು ಮಾತ್ರ ಎಣಿಸಿದರೆ ಹೀಗೇ ಆಗುತ್ತದೆ.

2021ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ ಡೇವಿಸ್ ಅವರನ್ನು ತನ್ನ ಸದ್ಭಾವನಾ ರಾಯಭಾರಿಯಾಗಿ ನೇಮಿಸಿತು. ಆ ಸ್ಥಾನಕ್ಕೆ ಬಂದ ಮೊದಲ ಫುಟ್ಬಾಲ್ ಆಟಗಾರ ಅವರೇ. ವಿಶ್ವಕಪ್ಪಿನಿಂದ ತನಗೆ ಬರುವ ಹಣವನ್ನು ದಾನ ಕೊಡುವುದಾಗಿಯೂ ಅವರು ಪ್ರಕಟಿಸಿದರು. 2025ರ ಮಾರ್ಚ್‌ನಲ್ಲಿ ಕೆನಡಾ ಪರ ಆಡುವಾಗ ಅವರ ಮೊಣಕಾಲಿನ ರಜ್ಜು ಹರಿದು, ತಿಂಗಳುಗಟ್ಟಲೆ ಆಟದಿಂದ ಹೊರಗಿರಬೇಕಾಯಿತು. ವೇಗವೇ ಸಂಪತ್ತಾದವರಿಗೆ ಮೊಣಕಾಲೇ ಕೈಕೊಟ್ಟರೆ ಹೇಗಿರುತ್ತದೆಂದು ಯೋಚಿಸಿ. ಆಗ ಮನುಷ್ಯನಿಗೆ ಉಳಿಯುವುದು ವೇಗವನ್ನು ನೋಡಿ ಬಂದವರಲ್ಲ, ಅದಕ್ಕೂ ಮೊದಲೇ ಬಂದವರು.

7. ಶುಭಸಂದೇಶದ ಬೆಳಕಿನಲ್ಲಿ

ಸಂತ ಮತ್ತಾಯರ ಎರಡನೆಯ ಅಧ್ಯಾಯವನ್ನು ಮತ್ತೊಮ್ಮೆ ತೆರೆಯಿರಿ. ಹೆರೋದನು ಮಗುವನ್ನು ಕೊಲ್ಲಲು ಹುಡುಕುತ್ತಾನೆ. ಸಂತ ಜೋಸೆಫರು ರಾತ್ರೋರಾತ್ರಿ ಮಗುವನ್ನೂ ಮರಿಯಮ್ಮನವರನ್ನೂ ಕರೆದುಕೊಂಡು ಈಜಿಪ್ಟಿಗೆ ಹೋಗುತ್ತಾರೆ. ಹೆರೋದನು ಸಾಯುವವರೆಗೆ ಅಲ್ಲೇ ಇರುತ್ತಾರೆ. ಅವರು ಅಲ್ಲಿ ಯಾರ ಮನೆಯಲ್ಲಿ ತಂಗಿದರು, ಬಡಗಿ ಜೋಸೆಫರಿಗೆ ಕೆಲಸ ಕೊಟ್ಟವರು ಯಾರು ಎಂದು ಶುಭಸಂದೇಶ ಹೇಳುವುದಿಲ್ಲ. ಆದರೆ ಯಾರೋ ಜಾಗ ಕೊಟ್ಟಿರಲೇಬೇಕು. ಯಾರೋ ಒಬ್ಬಳು ನೆರೆಯಾಕೆ ಬಾವಿಯ ದಾರಿ ತೋರಿಸಿರಬೇಕು. ಆ ಮಗು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಅವರು ಲೋಕರಕ್ಷಕರಿಗೆ ಆಶ್ರಯ ಕೊಟ್ಟರು.

ಈಗ ಇಪ್ಪತ್ತೈದನೆಯ ಅಧ್ಯಾಯಕ್ಕೆ ಬನ್ನಿ. ಅಂತಿಮ ತೀರ್ಪಿನ ದಿನ ನೀತಿವಂತರು ಅಚ್ಚರಿಪಡುತ್ತಾರೆ. ನಾವು ನಿಮ್ಮನ್ನು ಯಾವಾಗ ಪರದೇಶಿಯಾಗಿ ಕಂಡೆವು ಎಂದು ಪ್ರಭುವನ್ನು ಕೇಳುತ್ತಾರೆ. ಅವರಿಗೂ ಗೊತ್ತಿರಲಿಲ್ಲ! ಗೊತ್ತಿದ್ದು ಮಾಡಿದ್ದರೆ ಅದು ವ್ಯಾಪಾರವಾಗುತ್ತಿತ್ತು. ಪ್ರಭು ಮೆಚ್ಚುವುದು ಗೊತ್ತಾಗುವ ಮೊದಲೇ ತೆರೆದ ಬಾಗಿಲನ್ನು.

ಹನ್ನೆರಡನೆಯ ಪಿಯುಸ್ ಜಗದ್ಗುರುಗಳು 1952ರಲ್ಲಿ ಹೊರಡಿಸಿದ ಪ್ರೇಷಿತ ದಾಖಲೆಯಲ್ಲಿ, ಈಜಿಪ್ಟಿಗೆ ಓಡಿದ ಪವಿತ್ರ ಕುಟುಂಬವನ್ನೇ ಎಲ್ಲ ಕಾಲದ ನಿರಾಶ್ರಿತ ಕುಟುಂಬಗಳ ಮಾದರಿಯಾಗಿ ನಮ್ಮ ಮುಂದಿಟ್ಟರು. ಜಗದ್ಗುರು ಫ್ರಾನ್ಸಿಸರು 2018ರ ವಲಸಿಗರ ಮತ್ತು ನಿರಾಶ್ರಿತರ ವಿಶ್ವದಿನದ ಸಂದೇಶದಲ್ಲಿ ನಮ್ಮ ಕರ್ತವ್ಯವನ್ನು ನಾಲ್ಕು ಕ್ರಿಯಾಪದಗಳಲ್ಲಿ ಹೇಳಿದರು: ಸ್ವಾಗತಿಸುವುದು, ರಕ್ಷಿಸುವುದು, ಬೆಳೆಸುವುದು, ಒಂದಾಗಿಸುವುದು. ಡೇವಿಸ್ ಅವರ ಬಾಲ್ಯದಲ್ಲಿ ಈ ನಾಲ್ಕನ್ನೂ ಗುರುತಿಸಬಹುದು. ಘಾನಾ ರಕ್ಷಿಸಿತು. ಕೆನಡಾ ಸ್ವಾಗತಿಸಿತು. ಬಸ್ಸು, ಬೂಟು, ಶಿಕ್ಷಕಿ, ತರಬೇತುದಾರ ಸೇರಿ ಬೆಳೆಸಿದರು. ತಂಡದ ಹುಡುಗರು ಒಂದಾಗಿಸಿದರು. ನಾಲ್ಕನೆಯದನ್ನು ಯಾವ ಸರ್ಕಾರವೂ ಮಾಡಲಾರದು. ಅದನ್ನು ಜೊತೆಯ ಹುಡುಗರೇ ಮಾಡಬೇಕು.

ಒಂದು ಎಚ್ಚರಿಕೆಯ ಮಾತು. ನಿರಾಶ್ರಿತರಲ್ಲೂ ಇಂಥ ಪ್ರತಿಭೆ ಇರುತ್ತದೆ, ಆದ್ದರಿಂದ ಅವರಿಗೆ ಸಹಾಯ ಮಾಡೋಣ ಎಂದು ಈ ಪಾಠವನ್ನು ತಿಳಿಯಬಾರದು. ಬುದುಬುರಾಮ್‌ನಲ್ಲಿದ್ದ ಅಷ್ಟು ಸಾವಿರ ಜನರಲ್ಲಿ ವಿಶ್ವಕಪ್ ಆಡಿದವರ ಹೆಸರು ನಮಗೆ ಗೊತ್ತಾಗುತ್ತದೆ, ಉಳಿದವರದು ಗೊತ್ತಾಗುವುದಿಲ್ಲ. ಎಡ್ಮಂಟನ್‌ನ ಆ ಬಸ್ಸಿನಲ್ಲಿ ಅಲ್ಫಾನ್ಸೊ ಪಕ್ಕ ಕುಳಿತಿದ್ದ ಮಗು ಸಾಧಾರಣವಾಗಿ ಆಡಿ, ಸಾಧಾರಣ ಕೆಲಸಕ್ಕೆ ಸೇರಿರಬಹುದು. ಆ ಮಗುವಿಗೆ ಕೊಟ್ಟ ಬೂಟು ವ್ಯರ್ಥವಾಯಿತೇ? ದೇವರ ಲೆಕ್ಕದಲ್ಲಿ ಎರಡೂ ಬೂಟುಗಳ ಬೆಲೆ ಒಂದೇ.

8. ನಮ್ಮ ಧರ್ಮಕೇಂದ್ರದಲ್ಲಿ

1956ರಲ್ಲಿ ಭಾಷೆಯ ಮೇಲೆ ರಾಜ್ಯಗಳ ವಿಂಗಡಣೆಯಾದಾಗ ಹೊಸೂರು ಗಡಿಯ ಈ ಬದಿಯಲ್ಲೇ ಉಳಿಯಿತು. ತಮ್ಮ ಭಾಷೆಯಲ್ಲಿ ಬಲಿಪೂಜೆ ಇರಬೇಕು, ಧರ್ಮೋಪದೇಶ ಇರಬೇಕು ಎಂಬ ಹಂಬಲ ಏನೆಂದು ಇಲ್ಲಿನ ಕನ್ನಡ ಕಥೋಲಿಕರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಣಿಕೆಯಲ್ಲಿ ಕಡಿಮೆ ಇರುವವರ ಮನಸ್ಸು ನಮಗೆ ಗೊತ್ತು. ಹಾಗಾದರೆ ನಮಗಿಂತಲೂ ಕಡಿಮೆ ಇರುವವರ ಮನಸ್ಸು ನಮಗೆ ಇನ್ನೂ ಚೆನ್ನಾಗಿ ಗೊತ್ತಾಗಬೇಕು.

ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕೆಲಸಕ್ಕೆ ಜಾರ್ಖಂಡ್, ಒಡಿಶಾ ಕಡೆಯಿಂದ ಬಂದ ಕುಟುಂಬಗಳಲ್ಲಿ ಕಥೋಲಿಕರೂ ಇದ್ದಾರೆ. ಅವರು ನಿರಾಶ್ರಿತರಲ್ಲ, ವಲಸಿಗರು. ಆದರೆ ಅವರ ಮಕ್ಕಳಿಗೂ ಬರದಂತೆ ತಡೆಯುವ ಸಂಗತಿಗಳು ಅವೇ: ಶುಲ್ಕ, ಬೂಟು, ದಾರಿ, ಭಾಷೆ. ಯುವಜನರ ಸಂಘದ ಮುಂದೆ ನಾಲ್ಕು ಸಲಹೆಗಳನ್ನು ಇಡುತ್ತಿದ್ದೇನೆ. ಮುಂದಿನ ಸಭೆಯಲ್ಲಿ ಚರ್ಚಿಸಿ ತೀರ್ಮಾನಿಸೋಣ.

ಮೊದಲನೆಯದು, ಹಬ್ಬದ ಫುಟ್ಬಾಲ್ ಪಂದ್ಯಾವಳಿಯಲ್ಲಿ ಹದಿನಾರು ವರ್ಷದೊಳಗಿನವರಿಗೆ ಪ್ರವೇಶ ಶುಲ್ಕ ಬೇಡ. ಟ್ರೋಫಿ ಚಿಕ್ಕದಾದರೂ ಪರವಾಗಿಲ್ಲ.

ಎರಡನೆಯದು, ನಮ್ಮ ಮನೆಗಳಲ್ಲಿ ಮಕ್ಕಳ ಕಾಲಿಗೆ ಚಿಕ್ಕದಾದ ಬೂಟುಗಳಿವೆ. ಅವನ್ನು ತೊಳೆದು, ಲೇಸು ಕಟ್ಟಿ, ಅಳತೆ ಬರೆದು ಒಂದು ಕಪಾಟಿನಲ್ಲಿ ಇಡೋಣ. ಯಾವ ಮಗು ಬೇಕಾದರೂ ಹೆಸರು ಬರೆದು ತೆಗೆದುಕೊಳ್ಳಲಿ. ಕೊಡುವವರ ಹೆಸರು ಯಾರಿಗೂ ಬೇಡ.

ಮೂರನೆಯದು, ದೂರದ ಕ್ವಾರ್ಟರ್ಸಿನ ಮಕ್ಕಳನ್ನು ಕರೆತಂದು ಮರಳಿ ಬಿಡಲು ಭಾನುವಾರಕ್ಕೆ ಇಬ್ಬರು ಹಿರಿಯರ ಸರದಿ. ತಂದೆತಾಯಿಯ ಒಪ್ಪಿಗೆ ಮೊದಲೇ ಪಡೆದಿರಬೇಕು, ಒಬ್ಬರೇ ಹೋಗಬಾರದು.

ನಾಲ್ಕನೆಯದು, ಮೈದಾನದ ಪ್ರಕಟಣೆ ಕನ್ನಡ, ತಮಿಳು, ತೆಲುಗಿನ ಜೊತೆಗೆ ಹಿಂದಿಯಲ್ಲೂ ಇರಲಿ. ತಂಡಗಳನ್ನು ಭಾಷೆಯ ಪ್ರಕಾರ ಮಾಡದೆ ಚೀಟಿ ಎತ್ತಿ ಮಾಡೋಣ. ಒಂದೇ ತಂಡದಲ್ಲಿ ಆಡಿದವರು ಭಾಷೆ ಬಾರದಿದ್ದರೂ ಸ್ನೇಹಿತರಾಗುತ್ತಾರೆ.

9. ಗುಂಪಿನಲ್ಲಿ ಚರ್ಚಿಸಲು

ಒಂದು: ನಿಮ್ಮ ಜೀವನದಲ್ಲಿ, ನೀವು ಏನಾಗುತ್ತೀರೆಂದು ಗೊತ್ತಿಲ್ಲದೆಯೇ ನಿಮಗೆ ಬಾಗಿಲು ತೆರೆದವರು ಯಾರು? ಅವರಿಗೆ ಕೃತಜ್ಞತೆ ಹೇಳಿದ್ದೀರಾ?

ಎರಡು: ಡೇವಿಸ್ ತನ್ನದಲ್ಲದ ಜಾಗದಲ್ಲಿ ಆಡಲು ಒಪ್ಪಿದರು. ಧರ್ಮಕೇಂದ್ರದಲ್ಲಿ ಯಾರೂ ಇಷ್ಟಪಡದ, ಆದರೆ ಖಾಲಿ ಇರುವ ಜಾಗ ಯಾವುದು?

ಮೂರು: ಸ್ವಾಗತಿಸುವುದು, ರಕ್ಷಿಸುವುದು, ಬೆಳೆಸುವುದು, ಒಂದಾಗಿಸುವುದು. ಈ ನಾಲ್ಕರಲ್ಲಿ ನಮ್ಮ ಸಂಘ ಯಾವುದನ್ನು ಮಾಡುತ್ತಿದೆ, ಯಾವುದನ್ನು ಮಾಡುತ್ತಿಲ್ಲ?

ನಾಲ್ಕು: ಬೇರೆ ಭಾಷೆಯವರನ್ನು, ಬೇರೆ ರಾಜ್ಯದವರನ್ನು ತಮಾಷೆಗೆ ಹೀಯಾಳಿಸುವ ಮಾತುಗಳು ನಮ್ಮ ನಡುವೆ ಇವೆಯೇ? ಮುಂದಿನ ಬಾರಿ ಅಂಥ ಮಾತು ಕೇಳಿದಾಗ ಏನು ಮಾಡುತ್ತೀರಿ?

ವಾರದ ಕೆಲಸ: ಈ ಭಾನುವಾರ ಬಲಿಪೂಜೆಯ ನಂತರ ನಿಮ್ಮ ಭಾಷೆ ಮಾತಾಡದ ಒಬ್ಬ ಮಗುವಿನ ಹೆಸರು ಕೇಳಿ ತಿಳಿದುಕೊಳ್ಳಿ. ಮುಂದಿನ ಭಾನುವಾರ ಆ ಹೆಸರಿನಿಂದಲೇ ಕರೆಯಿರಿ.

ಪ್ರಾರ್ಥನೆ: ಈಜಿಪ್ಟಿನ ದಾರಿಯಲ್ಲಿ ನಡೆದ ಪ್ರಭು ಯೇಸುವೇ, ಮನೆ ಕಳೆದುಕೊಂಡ ಎಲ್ಲರ ಜೊತೆ ನಡೆಯಿರಿ. ನಮ್ಮ ಬಾಗಿಲಿಗೆ ಬಂದವರು ಯಾರೆಂದು ವಿಚಾರಿಸುವ ಮೊದಲೇ ಬಾಗಿಲು ತೆರೆಯುವ ಮನಸ್ಸನ್ನು ನಮಗೆ ಕೊಡಿ. ಆಮೆನ್.